ಅಂಗಳದಲ್ಲಿ ಕಾಡು ಬಾತುಕೋಳಿ ಗೂಡು ಕಟ್ಟಿದರೆ ಏನು ಮಾಡಬೇಕು?

"ಹೂಗಿಡದ ಬುಡದಲ್ಲಿ ಬಾತುಕೋಳಿ ಮೊಟ್ಟೆ ಇಟ್ಟಿದೆ. ಹತ್ತಿರದಲ್ಲಿ ಎಲ್ಲೂ ನೀರಿಲ್ಲ. ಏನು ಮಾಡಲಿ?" ಓದುಗರಿಂದ ಈ ಪ್ರಶ್ನೆ ಪದೇ ಪದೇ ಬರುತ್ತದೆ. ಅದರ ಹಿಂದೆಯೇ ಇನ್ನೂ ಮೂರು. ಗೂಡನ್ನು ಕೆರೆ ಹತ್ತಿರ ಒಯ್ದು ಇಡಲಾ? ಕಾಳು ಹಾಕಲಾ? ರಾತ್ರಿ ಹೊತ್ತು ಮೇಲೊಂದು ಬುಟ್ಟಿ ಮುಚ್ಚಲಾ?

ಮೂರಕ್ಕೂ ನನ್ನ ಉತ್ತರ ಒಂದೇ: ಬೇಡ. ನಿಮ್ಮ ಪಾಲಿಗೆ ಇರುವುದು ಎರಡೇ ಕೆಲಸ. ಐದಾರು ವಾರ ಗೂಡಿನ ತಂಟೆಗೆ ಹೋಗದೆ ಇರುವುದು ಒಂದು. ಮರಿಗಳು ಹೊರಡುವ ದಿನಕ್ಕೆ ಅಂಗಳದಿಂದ ಹೊರಗೆ ದಾರಿ ಮಾಡಿಡುವುದು ಇನ್ನೊಂದು. ಮೊದಲನೆಯದನ್ನು ಜನ ಹೇಗೋ ಪಾಲಿಸುತ್ತಾರೆ. ಎರಡನೆಯದು ನೆನಪಾಗುವುದು ಹತ್ತು ಮರಿಗಳು ಕಾಂಪೌಂಡಿನೊಳಗೆ ಗಿರಕಿ ಹೊಡೆಯಲು ಶುರುಮಾಡಿದ ಮೇಲೆ. ಅದಕ್ಕೇ ಈ ಲೇಖನದಲ್ಲಿ ದಾರಿಯ ವಿಷಯಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಇಲ್ಲಿನ ಲೆಕ್ಕವೆಲ್ಲ ಮಲ್ಲಾರ್ಡ್ ಬಾತುಕೋಳಿಯದು. ಗಂಡಿಗೆ ಹೊಳೆಯುವ ಹಸಿರು ತಲೆ, ಹೆಣ್ಣಿಗೆ ಕಂದು ಬಣ್ಣದ ಮೈ. ಮನೆಗಳ ಹತ್ತಿರ ಗೂಡು ಮಾಡಲು ಹೆಚ್ಚು ಅಂಜದ ಕಾಡು ಬಾತುಕೋಳಿ ಇದು. ಬೇರೆ ಜಾತಿಯಾದರೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ. ಮಸ್ಕೊವಿ ಜಾತಿಯದು ಸುಮಾರು 35 ದಿನ ಕಾವು ಕೂರುತ್ತದೆ. ಶಿಳ್ಳೆ ಬಾತುಗಳಲ್ಲಿ ಗಂಡೂ ಕಾವಿಗೆ ಕೂರುತ್ತದೆ. ಮ್ಯಾಂಡರಿನ್ ಬಾತು ಮರದ ಪೊಟರೆಯಲ್ಲಿ ಮೊಟ್ಟೆ ಇಡುತ್ತದೆ, ಮರಿಗಳು ಅಲ್ಲಿಂದಲೇ ಕೆಳಗೆ ಜಿಗಿಯುತ್ತವೆ. ಆದರೆ ಮುಂದೆ ಹೇಳುವ ಎಚ್ಚರಿಕೆಗಳು ಎಲ್ಲಕ್ಕೂ ಹೊಂದುತ್ತವೆ.

ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು ಇಷ್ಟು: ಎತ್ತರದ ರಟ್ಟಿನ ಪೆಟ್ಟಿಗೆ ಒಂದು, ಹಳೆಯ ಟವೆಲ್ ಎರಡು, ಒರಟು ಮೈಯ ಹಲಗೆ, ಕೆಲವು ಇಟ್ಟಿಗೆ, ಚರಂಡಿ ಮುಚ್ಚಲು ಸಣ್ಣ ಕಣ್ಣಿನ ಜಾಲರಿ, ಕೈಗವಸು. ದುರ್ಬೀನು ಇದ್ದರೆ ಒಳ್ಳೆಯದು. ನಿಮ್ಮ ಊರಿನ ವನ್ಯಜೀವಿ ರಕ್ಷಣಾ ಕೇಂದ್ರದ ಅಥವಾ ಅರಣ್ಯ ಇಲಾಖೆಯ ಫೋನ್ ನಂಬರನ್ನು ಇವತ್ತೇ ಹುಡುಕಿ ಬರೆದಿಡಿ. ಬೇಕಾದ ಗಳಿಗೆಯಲ್ಲಿ ಹುಡುಕಲು ಹೊತ್ತಿರುವುದಿಲ್ಲ.

1. ಗೂಡು ಯಾವ ಹಂತದಲ್ಲಿದೆ ಎಂದು ನೋಡಿಕೊಳ್ಳಿ

ಹಕ್ಕಿ ಗೂಡಿನಲ್ಲಿ ಇಲ್ಲದಾಗ ದೂರದಿಂದ ಒಂದೇ ಒಂದು ಸಲ ನೋಡಿ. ಮುಟ್ಟಬೇಡಿ, ಎಲೆ ಸರಿಸಬೇಡಿ.

ಒಂದೆರಡು ಮೊಟ್ಟೆ ಮಾತ್ರ ಇದ್ದು, ಬರಿದಾಗಿ ಬಿದ್ದಿದ್ದರೆ ಅಥವಾ ಮೇಲೆ ಒಣ ಎಲೆ, ಹುಲ್ಲು ಮುಚ್ಚಿದ್ದರೆ ಅದಿನ್ನೂ ಮೊಟ್ಟೆ ಇಡುತ್ತಿದೆ. ದಿನಕ್ಕೆ ಒಂದರಂತೆ ಇಟ್ಟು ಎದ್ದು ಹೋಗುತ್ತದೆ. ಆಗ ಮೊಟ್ಟೆ ತಣ್ಣಗಿರುತ್ತವೆ. ಇಲ್ಲೇ ತುಂಬ ಜನ ಎಡವುತ್ತಾರೆ. "ತಾಯಿ ಬಿಟ್ಟು ಹೋಗಿದೆ, ಮೊಟ್ಟೆ ತಣ್ಣಗಾಗಿದೆ" ಎಂದು ಎತ್ತಿಕೊಂಡು ಹೋಗಿ ಬಲ್ಬಿನ ಕೆಳಗೆ ಇಡುತ್ತಾರೆ. ತಣ್ಣಗಿರುವುದು ಕೆಟ್ಟದ್ದಲ್ಲ. ಕಾವು ಸಿಗುವ ತನಕ ಒಳಗೆ ಮರಿ ಬೆಳೆಯಲು ಶುರುವೇ ಆಗುವುದಿಲ್ಲ. ಎಲ್ಲ ಮೊಟ್ಟೆ ಇಟ್ಟು ಮುಗಿದ ಮೇಲೆ ಒಟ್ಟಿಗೆ ಕಾವು ಕೊಡುವುದರಿಂದಲೇ ಮರಿಗಳೆಲ್ಲ ಹೆಚ್ಚುಕಡಿಮೆ ಒಂದೇ ದಿನ ಹೊರಬರುತ್ತವೆ.

ಗೂಡಿನಲ್ಲಿ ಬೂದುಬಣ್ಣದ ಮೆತ್ತನೆಯ ಪುಕ್ಕ ತುಂಬಿದ್ದರೆ ಕಾವು ಶುರುವಾಗಿದೆ ಎಂದು ತಿಳಿಯಿರಿ. ಅದು ತಾಯಿಯ ಎದೆಯ ಪುಕ್ಕ. ತಾನೇ ಕಿತ್ತು ಹಾಸುತ್ತದೆ. ಮೇಯಲು ಏಳುವಾಗ ಅದು ಮಾಡುವ ಕೆಲಸವನ್ನು ದುರ್ಬೀನಿನಲ್ಲಿ ನೋಡಬೇಕು. ಕುತ್ತಿಗೆ ಚಾಚಿ, ಗೂಡಿನ ಅಂಚಿನ ಪುಕ್ಕವನ್ನು ಕೊಕ್ಕಿನಿಂದ ಒಂದೊಂದೇ ಹಿಡಿತ ಒಳಗೆಳೆದು ಮೊಟ್ಟೆ ಮುಚ್ಚುತ್ತದೆ. ಅದರ ಮೇಲೆ ನಾಲ್ಕು ಒಣ ಎಲೆ. ಆಮೇಲೆ ತಗ್ಗಿಕೊಂಡೇ ಕೆಲವು ಹೆಜ್ಜೆ ನಡೆದು, ನಿಂತು ಆಲಿಸಿ, ಹಾರಿಹೋಗುತ್ತದೆ. ಬಿಟ್ಟುಬಂದ ಜಾಗದಲ್ಲಿ ಗೂಡಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ನಾವು ಹತ್ತಿರ ಹೋಗಿ ಬೆದರಿಸಿದರೆ ಮುಚ್ಚಲು ಪುರುಸೊತ್ತು ಸಿಗದೆ ಹಾಗೇ ಹಾರುತ್ತದೆ. ಬಿಳಿಚಿದ ಮೊಟ್ಟೆಗಳು ಕಾಗೆಯ ಕಣ್ಣಿಗೆ ಬೀಳುವುದು ಆಗಲೇ.

2. ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಸಾಮಾನ್ಯವಾಗಿ 8ರಿಂದ 13 ಮೊಟ್ಟೆ ಇಡುತ್ತದೆ. ಕೊನೆಯ ಮೊಟ್ಟೆಯ ಹೊತ್ತಿಗೆ ಹಕ್ಕಿ ದಿನವಿಡೀ ಕೂರಲು ಶುರುಮಾಡುತ್ತದೆ. ಆ ದಿನದಿಂದ 28 ದಿನ ಎಣಿಸಿ. ಒಂದೆರಡು ದಿನ ಹಿಂದೆ ಮುಂದೆ ಆಗಬಹುದು. ನೀವು ನೋಡುವಾಗಲೇ ಕೂತಿದ್ದರೆ ಲೆಕ್ಕ ಸಿಗುವುದಿಲ್ಲ. ನಾಳೆಯೇ ಮರಿ ಬರಬಹುದು ಎಂದುಕೊಂಡು ನೇರ 6ನೇ ಹಂತದ ಕೆಲಸ ಮುಗಿಸಿಬಿಡಿ.

ಗಂಡು ಎಲ್ಲಿ ಹೋಯಿತು ಎಂದು ಚಿಂತೆ ಬೇಡ. ಮಲ್ಲಾರ್ಡ್ ಗಂಡು ಕಾವು ಕೂರುವುದೂ ಇಲ್ಲ, ಮರಿ ಸಾಕುವುದೂ ಇಲ್ಲ. ಕಾವು ಶುರುವಾದ ಕೆಲವು ದಿನಗಳಲ್ಲಿ ಹೊರಟು ಹೋಗುತ್ತದೆ.

3. ಗೂಡನ್ನು ಸರಿಸಬೇಡಿ

ಎರಡು ಮಾರು ಪಕ್ಕಕ್ಕೂ ಬೇಡ. ತಾಯಿ ಮರಳಿ ಬರುವುದು ತಾನು ಗುರುತಿಟ್ಟ ಜಾಗಕ್ಕೆ. ಅಲ್ಲಿ ಗೂಡು ಕಾಣದಿದ್ದರೆ ಪಕ್ಕದಲ್ಲಿ ಹುಡುಕುತ್ತದೆ ಎಂಬ ಭರವಸೆ ಇಲ್ಲ. ಮೊದಲ ದಿನಗಳಲ್ಲಂತೂ ಸಣ್ಣ ಗಲಾಟೆಗೂ ಗೂಡು ಬಿಟ್ಟುಬಿಡುತ್ತದೆ. ದಿನ ಕಳೆದಂತೆ ಗಟ್ಟಿಯಾಗಿ ಕೂರುತ್ತದೆ.

"ನೀರಿಲ್ಲದ ಕಡೆ ಯಾಕೆ ಕಟ್ಟಿತು, ಪಾಪ ದಾರಿ ತಪ್ಪಿರಬೇಕು" ಎನ್ನುವವರಿಗೆ ಒಂದು ಮಾತು. ದಾರಿ ತಪ್ಪಿಲ್ಲ. ನೀರಿನ ದಡದುದ್ದಕ್ಕೂ ಬೇಟೆಪ್ರಾಣಿಗಳು ಓಡಾಡುತ್ತವೆ. ಹಾಗಾಗಿ ಎಷ್ಟೋ ಸಲ ನೀರಿನಿಂದ ಒಂದು ಕಿಲೋಮೀಟರಿಗೂ ದೂರದಲ್ಲಿ, ಪೊದೆಯ ಮರೆ ನೋಡಿ ಗೂಡು ಮಾಡುತ್ತದೆ. ಹತ್ತಿರದ ನೀರು ಎಲ್ಲಿದೆ ಎಂದು ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತು.

ಕಾನೂನೂ ಇದೆ. ಅಮೆರಿಕದಲ್ಲಿ 1918ರ ವಲಸೆ ಹಕ್ಕಿಗಳ ಕಾಯ್ದೆ, ಬ್ರಿಟನ್ನಿನಲ್ಲಿ 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆ, ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ನೀವು ಎಲ್ಲಿದ್ದರೂ ಅನುಮತಿ ಇಲ್ಲದೆ ಕಾಡುಹಕ್ಕಿಯ ಗೂಡಿಗೆ, ಮೊಟ್ಟೆಗೆ ಕೈಹಾಕಬೇಡಿ. ಗೂಡು ಅಪಾಯದ ಜಾಗದಲ್ಲಿದ್ದರೆ, ಉದಾಹರಣೆಗೆ ಕಟ್ಟಡ ಕೆಲಸ ನಡೆಯುವ ಕಡೆ, ಮೊದಲು ಇಲಾಖೆಯನ್ನು ಕೇಳಿ.

4. ಅಂಗಳದ ಓಡಾಟ ಬದಲಿಸಿಕೊಳ್ಳಿ

ಗೂಡಿನ ಸುತ್ತ ನಾಲ್ಕೈದು ಮೀಟರ್ ಜಾಗಕ್ಕೆ ಯಾರೂ ಹೋಗದಂತೆ ಮಾಡಿ. ಜಾಗ ಚಿಕ್ಕದಿದ್ದರೆ ಸಾಧ್ಯವಾದಷ್ಟು ಬಿಡಿ. ದಾರಿ ಅಲ್ಲೇ ಹಾದುಹೋಗುವುದಾದರೆ ನಿಲ್ಲದೆ, ಹಕ್ಕಿಯನ್ನು ದಿಟ್ಟಿಸದೆ ನಡೆದುಬಿಡಿ. ದಿನಾ ಅದೇ ರೀತಿ ಓಡಾಡುವವರಿಗೆ ಅದು ಹೊಂದಿಕೊಳ್ಳುತ್ತದೆ. ನಿಂತು ಬಗ್ಗಿ ನೋಡುವವರನ್ನು ಸಹಿಸುವುದಿಲ್ಲ.

ಹುಲ್ಲು ಕತ್ತರಿಸುವ ಯಂತ್ರ ಆ ಕಡೆ ಬೇಡ. ತಾನೇ ಓಡಾಡುವ ರೋಬೋಟ್ ಯಂತ್ರ ಇದ್ದರೆ ಪೂರ್ತಿ ನಿಲ್ಲಿಸಿ. ಸ್ಪ್ರಿಂಕ್ಲರ್ ನೀರು ಗೂಡಿಗೆ ಬೀಳದಂತೆ ತಿರುಗಿಸಿ. ಕಳೆನಾಶಕ, ಹುಳದ ಔಷಧಿ, ಇಲಿ ಪಾಷಾಣ ಯಾವುದೂ ಬೇಡ. ಮರಿಗಳು ಹುಟ್ಟಿದ ಕೂಡಲೇ ನೆಲದ ಹುಳಹುಪ್ಪಟೆಗೆ ಬಾಯಿ ಹಾಕುತ್ತವೆ.

ನಾಯಿಯನ್ನು ಹಗ್ಗ ಹಾಕಿಯೇ ಹೊರಗೆ ಬಿಡಿ. ಬೆಕ್ಕಿನ ವಿಷಯ ಇನ್ನೂ ಗಂಭೀರ. ಕೂತಿರುವ ದೊಡ್ಡ ಬಾತುಕೋಳಿಯ ತಂಟೆಗೆ ಬೆಕ್ಕು ಹೋಗದೆ ಇರಬಹುದು, ಮರಿಯನ್ನು ಬಿಡುವುದಿಲ್ಲ. ಮರಿ ಹೊರಡುವ ವಾರ ಬೆಕ್ಕು ಮನೆಯೊಳಗೇ ಇರಲಿ.

ಮಕ್ಕಳಿಗೆ ಸುಮ್ನೆ "ಹೋಗಬೇಡ" ಎಂದರೆ ಆಗಲ್ಲ. ಕಿಟಕಿಯಿಂದ ನೋಡಲು ಒಂದು ಜಾಗ ಮಾಡಿಕೊಡಿ, ಎಷ್ಟು ಹೊತ್ತಿಗೆ ಎದ್ದು ಹೋಯಿತು, ಎಷ್ಟು ಹೊತ್ತಿಗೆ ಬಂತು ಎಂದು ಬರೆದಿಡಲು ಹೇಳಿ. ಆ ಪಟ್ಟಿ ಮುಂದೆ ನಿಮಗೇ ಬೇಕಾಗುತ್ತದೆ. ಫೋಟೋ ತೆಗೆದರೂ ಜಾಗದ ಗುರುತು ಹಾಕಿ ಎಲ್ಲರಿಗೂ ಕಳಿಸಬೇಡಿ.

5. ಕಾಳು ಬೇಡ, ಬೇಲಿಯೂ ಬೇಡ

ಕಾವು ಕೂತ ತಾಯಿ ದಿನಕ್ಕೆ ಒಂದೆರಡು ಸಲ, ಹೆಚ್ಚಾಗಿ ಬೆಳಗಿನ ಜಾವ ಮತ್ತು ಸಂಜೆ, ಎದ್ದು ಮೇಯ್ದು ಬರುತ್ತದೆ. ಉಳಿದಂತೆ ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ ಬದುಕುತ್ತದೆ. ತೂಕ ಇಳಿಯುವುದು ಸಹಜ. ನೋಡಿದವರಿಗೆ ಕರುಳು ಚುರುಕ್ ಎನ್ನುತ್ತದೆ, ನಿಜ. ಆದರೆ ಗೂಡಿನ ಹತ್ತಿರ ಹಾಕಿದ ಕಾಳಿಗೆ ಮೊದಲು ಬರುವುದು ಇಲಿ, ಆಮೇಲೆ ಕಾಗೆ. ಅವು ಕಾಳು ತಿಂದು ಮೊಟ್ಟೆಯನ್ನೂ ಕಂಡುಕೊಳ್ಳುತ್ತವೆ. ಬ್ರೆಡ್ಡಂತೂ ಯಾವ ಕಾಲಕ್ಕೂ ಬೇಡ. ಹೊಟ್ಟೆ ತುಂಬುತ್ತದೆಯೇ ಹೊರತು ಮೈಗೆ ಬೇಕಾದ್ದು ಅದರಲ್ಲಿಲ್ಲ. ಬಿಸಿಲು ಜೋರಿದ್ದರೆ ಗೂಡಿನಿಂದ ದೂರದಲ್ಲಿ, ಅಗಲ ಬಾಯಿಯ ಆಳವಿಲ್ಲದ ತಟ್ಟೆಯಲ್ಲಿ ನೀರಿಡಬಹುದು. ಅಷ್ಟು ಸಾಕು.

ಗೂಡಿನ ಸುತ್ತ ಜಾಲರಿ ಕಟ್ಟುವ ಯೋಚನೆ ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಆದರೆ ಬೇಟೆಪ್ರಾಣಿ ಬಂದಾಗ ತಾಯಿಗೆ ಇರುವ ಒಂದೇ ಉಪಾಯ ಹಾರಿ ತಪ್ಪಿಸಿಕೊಳ್ಳುವುದು. ಬೇಲಿ ಅದನ್ನೇ ಕಸಿಯುತ್ತದೆ. ಮರಿಗಳು ಹೊರಬರಲಾಗದೆ ಸಿಕ್ಕಿಕೊಳ್ಳುವುದೂ ಇದೆ. ಗೂಡು ತೀರಾ ಬಯಲಿಗೆ ಬಿದ್ದಿದ್ದರೆ, ತಾಯಿ ಮೇಯಲು ಹೋದ ಹೊತ್ತಿನಲ್ಲಿ ಒಂದು ಬದಿಗೆ ಮಾತ್ರ ಎಲೆ ತುಂಬಿದ ಕುಂಡವೊಂದನ್ನು ಮರೆಯಾಗಿ ಇಡಿ. ಉಳಿದ ಬದಿ ತೆರೆದಿರಲಿ. ಅದು ಬಂದು ನೆಮ್ಮದಿಯಾಗಿ ಕೂತಿತೋ ನೋಡಿ. ಅನುಮಾನಿಸಿ ಆಚೆಯೇ ನಿಂತರೆ ಕುಂಡ ತೆಗೆದುಬಿಡಿ.

ಇಷ್ಟೆಲ್ಲ ಮಾಡಿದರೂ ಕೆಲವು ಗೂಡುಗಳು ಹಾಳಾಗುತ್ತವೆ. ಹಾವೋ ಮುಂಗುಸಿಯೋ ನರಿಯೋ ತಿಂದುಹೋಗುತ್ತದೆ. ಅದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಬೇಗ ಹಾಳಾದರೆ ತಾಯಿ ಬಹಳ ಸಲ ಬೇರೆ ಕಡೆ ಮತ್ತೆ ಮೊಟ್ಟೆ ಇಡುತ್ತದೆ.

6. ಹೊರಡುವ ದಾರಿ ಸಿದ್ಧ ಮಾಡಿ

ಮರಿಗಳು ಗೂಡಿನಲ್ಲಿ ಇರುವುದು ಹೆಚ್ಚೆಂದರೆ ಒಂದು ದಿನ. ಒಡೆದ ಮೊಟ್ಟೆಯಿಂದ ಒದ್ದೆಯಾಗಿ ಬಂದು, ತಾಯಿಯ ಹೊಟ್ಟೆಯಡಿ ಒಣಗಿ, ಸಾಮಾನ್ಯವಾಗಿ ಮಾರನೆಯ ಬೆಳಿಗ್ಗೆ ಸಾಲಾಗಿ ನೀರಿನ ಕಡೆ ನಡೆಯುತ್ತವೆ. ಹಾರಲು ಬರುವುದು ಇನ್ನು 50ರಿಂದ 60 ದಿನ ಕಳೆದ ಮೇಲೆ. ಅಂದರೆ ಅಂಗಳದಲ್ಲಿ ಏನೇ ಅಡ್ಡಿ ಇದ್ದರೂ ನಡೆದೇ ದಾಟಬೇಕು. ತಾಯಿ ಕಾಂಪೌಂಡಿನ ಮೇಲಿಂದ ಹಾರಿ ಆಚೆ ಇಳಿದು ಕರೆಯುತ್ತದೆ, ಮರಿಗಳು ಈಚೆ ಗೋಡೆಗೆ ಮೈ ಉಜ್ಜಿಕೊಂಡು ಕೂಗುತ್ತವೆ. ಇದನ್ನು ತಪ್ಪಿಸುವುದು ನಿಮ್ಮ ಕೈಯಲ್ಲಿದೆ.

ಹೀಗೆ ಮಾಡಿ. ಅಂಗೈಯನ್ನು ನೆಲಕ್ಕೆ ಊರಿ, ಮುಖವನ್ನು ನೆಲದ ಹತ್ತಿರ ತಂದು, ಗೂಡಿನ ದಿಕ್ಕಿನಿಂದ ಗೇಟಿನ ಕಡೆ ನೋಡಿ. ಒಂದು ಮುಷ್ಟಿ ಎತ್ತರದ ಮರಿಗೆ ಏನೇನು ಅಡ್ಡ ಬರುತ್ತದೆ ಎಂದು ಆಗ ಹೊಳೆಯುತ್ತದೆ.

ಗೇಟು: ಕೆಳಗೆ ನಾಲ್ಕು ಬೆರಳು ಸಂದು ಇದ್ದರೆ ಮರಿ ನುಸುಳುತ್ತದೆ. ಇಲ್ಲದಿದ್ದರೆ ಮರಿ ಹೊರಡುವ ದಿನ ಗೇಟು ತೆರೆದಿಡಿ. ನೀರು ಇರುವ ದಿಕ್ಕಿನ ಗೇಟಾದರೆ ಇನ್ನೂ ಒಳ್ಳೆಯದು.

ಮೆಟ್ಟಿಲು: ಒಂದು ಗೇಣು ಎತ್ತರದ ಮೆಟ್ಟಿಲು ಹತ್ತಲೂ ಅವು ಹೆಣಗುತ್ತವೆ. ಇಟ್ಟಿಗೆಯನ್ನು ಅರ್ಧ ಎತ್ತರಕ್ಕೆ ಇಟ್ಟರೆ ಎರಡು ಸಣ್ಣ ಮೆಟ್ಟಿಲಾಗುತ್ತದೆ. ಅಥವಾ ಹಲಗೆಯನ್ನು ಓರೆಯಾಗಿ ಇಟ್ಟು ಮೇಲೆ ಟವೆಲ್ ಸುತ್ತಿ. ನುಣ್ಣನೆಯ ಹಲಗೆಯಲ್ಲಿ ಕಾಲು ಜಾರುತ್ತದೆ.

ಚರಂಡಿ: ಕಂಬಿ ಹಾಕಿದ ಚರಂಡಿಯ ಬಾಯಿ ಮರಿಗಳ ಪಾಲಿಗೆ ಎಲ್ಲಕ್ಕಿಂತ ಕೆಟ್ಟ ಜಾಗ. ತಾಯಿ ಕಂಬಿಯ ಮೇಲೆ ಆರಾಮಾಗಿ ನಡೆದು ದಾಟುತ್ತದೆ, ಹಿಂದೆ ಬರುವ ಮರಿಗಳು ಒಂದೊಂದಾಗಿ ಒಳಗೆ ಬೀಳುತ್ತವೆ. ಆ ವಾರ ಜಾಲರಿಯೋ ಹಲಗೆಯೋ ಮುಚ್ಚಿ. ಗೇಟಿನಾಚೆ ಹತ್ತಿರದಲ್ಲೇ ಇರುವ ಚರಂಡಿ ಬಾಯಿಯನ್ನೂ ನೋಡಿಕೊಳ್ಳಿ.

ಈಜುಕೊಳ: ನೀರು ಕಂಡರೆ ತಾಯಿ ಇಳಿಯುತ್ತದೆ, ಮರಿಗಳೂ ಜಿಗಿಯುತ್ತವೆ. ಅಂಚು ನೀರಿಗಿಂತ ಮೇಲಿರುವುದರಿಂದ ಮರಿಗಳಿಗೆ ಹತ್ತಿಬರಲು ಆಗುವುದಿಲ್ಲ. ಗಂಟೆಗಟ್ಟಲೆ ಈಜಿ ಸುಸ್ತಾಗಿ, ಮೈ ತಣ್ಣಗಾಗಿ ಸಾಯುತ್ತವೆ. ಕೊಳಕ್ಕೆ ಹೊದಿಕೆ ಇದ್ದರೆ ಎಳೆದು ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಒರಟು ಹಲಗೆಯ ಒಂದು ತುದಿ ನೀರಿನಲ್ಲಿ ಮುಳುಗಿ, ಇನ್ನೊಂದು ತುದಿ ದಂಡೆಗೆ ತಾಗುವಂತೆ ಇಡಿ. ಕಡಿದಾಗಿ ಬೇಡ, ಆದಷ್ಟು ಇಳಿಜಾರಾಗಿರಲಿ. ಪಂಪು ಆರಿಸಿ, ಕಸ ಸೆಳೆಯುವ ಬಾಯಿಗೆ ಮರಿ ಎಳೆದುಹೋಗದಂತೆ. ತಗ್ಗಿನ ತೊಟ್ಟಿ, ನೀರು ತುಂಬಿದ ಬಕೆಟ್ಟಿಗೂ ಇದೇ ಎಚ್ಚರಿಕೆ.

ಗೂಡು ತಾರಸಿಯಲ್ಲೋ ಬಾಲ್ಕನಿಯಲ್ಲೋ ನಾಲ್ಕು ಕಡೆ ಗೋಡೆಯಿರುವ ಒಳಾಂಗಣದಲ್ಲೋ ಇದ್ದರೆ ಬರೀ ಹಲಗೆಯಿಂದ ಆಗುವುದಿಲ್ಲ. ಮರಿಗಳು ಹಗುರ, ಎತ್ತರದಿಂದ ಹುಲ್ಲಿನ ಮೇಲೆ ಜಿಗಿದರೂ ಎಷ್ಟೋ ಸಲ ಏನೂ ಆಗುವುದಿಲ್ಲ. ಸಿಮೆಂಟ್ ನೆಲವಾದರೆ ಆ ಧೈರ್ಯ ಮಾಡಲಾಗದು. ಮೇಲಾಗಿ ಕಟ್ಟೆಗೋಡೆ ಎತ್ತರವಿದ್ದರೆ ಜಿಗಿಯಲೂ ಆಗದೆ ಬಿಸಿಲಲ್ಲಿ ಒಣಗುತ್ತವೆ. ಇಂಥ ಕಡೆ ರಕ್ಷಣಾ ಕೇಂದ್ರದವರಿಗೆ ಮುಂಚೆಯೇ ದಿನ ತಿಳಿಸಿಡಿ.

7. ಮರಿ ಹೊರಡುವ ದಿನ

ಮೊಟ್ಟೆ ಒಡೆಯುವ ಮೊದಲೇ ಒಳಗಿಂದ ಸಣ್ಣ ಕೀಚು ದನಿ ಕೇಳುತ್ತದೆ, ತಾಯಿ ಮೆಲ್ಲಗೆ ಉತ್ತರ ಕೊಡುತ್ತದೆ. ಕೊಕ್ಕಿನ ತುದಿಯ ಪುಟ್ಟ ಗಟ್ಟಿ ಚುಕ್ಕೆಯಿಂದ ಮರಿ ಸಿಪ್ಪೆಗೆ ಮೊದಲ ತೂತು ಮಾಡುತ್ತದೆ. ಅಲ್ಲಿಂದ ಪೂರ್ತಿ ಹೊರಬರಲು ಒಂದು ದಿನದ ತನಕ ಹಿಡಿಯಬಹುದು. ಸಿಪ್ಪೆ ಬಿಡಿಸಿ ಸಹಾಯ ಮಾಡಲು ಹೋಗಬೇಡಿ. ಒಳಗಿನ ಪೊರೆಯಲ್ಲಿ ಇನ್ನೂ ರಕ್ತ ಹರಿಯುತ್ತಿರುತ್ತದೆ. ತಿನ್ನಲು ಕೊಡುವ ಅವಸರವೂ ಬೇಡ, ಹೊಟ್ಟೆಯೊಳಗೆ ಉಳಿದ ಹಳದಿ ಭಾಗವೇ ಮೊದಲ ದಿನದ ಊಟ.

ಗೇಟು ತೆರೆದು, ನಾಯಿ ಬೆಕ್ಕು ಒಳಗೆ ಹಾಕಿ, ನೀವು ಮನೆಯೊಳಗೆ ಇರಿ. ಹೆಚ್ಚಿನ ಸಲ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. ರಸ್ತೆ ದಾಟಬೇಕಿದ್ದರೆ ದೂರದಿಂದ ಹಿಂಬಾಲಿಸಿ, ವಾಹನ ನಿಧಾನವಾಗಿ ಹೋಗುವ ರಸ್ತೆಯಾದರೆ ಕೈ ತೋರಿಸಿ ನಿಲ್ಲಿಸಿ. ಹೆದ್ದಾರಿಗೆ ನೀವು ಇಳಿಯಬೇಡಿ, ಪೊಲೀಸರನ್ನೋ ರಕ್ಷಣಾ ಕೇಂದ್ರವನ್ನೋ ಕರೆಯಿರಿ.

ಮರಿಗಳು ಸಿಕ್ಕಿಕೊಂಡು, ಸಹಾಯಕ್ಕೆ ಯಾರೂ ಬರಲಾಗದಿದ್ದರೆ ಮಾತ್ರ ಪೆಟ್ಟಿಗೆ ತೆಗೆದುಕೊಳ್ಳಿ. ತಾಯಿಯನ್ನು ಹಿಡಿಯಲು ಹೋಗಬೇಡಿ, ಅದು ಹಾರಿಹೋದರೆ ಎಲ್ಲ ಕೆಟ್ಟಿತು. ಮರಿಗಳನ್ನು ಒಂದೂ ಬಿಡದೆ ಪೆಟ್ಟಿಗೆಗೆ ಹಾಕಿ. ಬಾಯಿ ಜಾಲರಿಯಿಂದ ಮುಚ್ಚಿ, ದನಿ ಹೊರಗೆ ಕೇಳಬೇಕು. ತಾಯಿ ಕಾಣುವ ಹಾಗೆ ಕೆಳಮಟ್ಟದಲ್ಲಿ ಹಿಡಿದು ನಿಧಾನ ನಡೆಯಿರಿ. ಅದು ಹಿಂದುಳಿದರೆ ನಿಲ್ಲಿ. ರೆಕ್ಕೆ ಮುರಿದಂತೆ ಎಳೆದುಕೊಂಡು ನಿಮ್ಮ ಮುಂದೆ ಒದ್ದಾಡಬಹುದು. ಗಾಯವಾಗಿಲ್ಲ, ನಿಮ್ಮ ಗಮನವನ್ನು ಮರಿಗಳಿಂದ ಆಚೆ ಸೆಳೆಯುವ ಉಪಾಯ ಅದು. ಗೇಟಿನಾಚೆ ಅಥವಾ ನೀರಿನ ದಡದಲ್ಲಿ, ತಾಯಿ ಹತ್ತಿರವಿದ್ದಾಗ, ಪೆಟ್ಟಿಗೆಯನ್ನು ನೆಲದ ಮೇಲೆ ಮೆಲ್ಲಗೆ ಓರೆ ಮಾಡಿ ಹಿಂದೆ ಸರಿಯಿರಿ. ಮರಿಗಳನ್ನು ನೀರಿಗೆ ಎಸೆಯಬೇಡಿ. ಮನುಷ್ಯರ ವಾಸನೆ ತಾಗಿದರೆ ತಾಯಿ ಸೇರಿಸುವುದಿಲ್ಲ ಎಂಬ ಮಾತು ಸುಳ್ಳು.

ತಾಯಿ ಕಾಣದಾದರೆ

ಮರಿಗಳನ್ನು ಮಾತ್ರ ಒಯ್ದು ಕೆರೆಗೆ ಬಿಡುವುದು ದೊಡ್ಡ ತಪ್ಪು. ತಾಯಿಯ ಕಾವಿಲ್ಲದೆ ಅವು ಬೇಗ ತಣ್ಣಗಾಗುತ್ತವೆ, ಬೇರೆ ಬಾತುಕೋಳಿಗಳು ಕುಕ್ಕಿ ಕೊಲ್ಲುವುದೂ ಉಂಟು. ಮರಿಗಳನ್ನು ತಾಯಿಯನ್ನು ಕೊನೆಗೆ ಕಂಡ ಜಾಗದಲ್ಲೇ, ನೆರಳಿನಲ್ಲಿ, ದನಿ ಕೇಳುವಂತೆ ಪೆಟ್ಟಿಗೆಯಲ್ಲಿಟ್ಟು ದೂರದಿಂದ ಕಾಯಿರಿ. ಬಹಳ ಸಲ ಒಂದೆರಡು ಗಂಟೆಯೊಳಗೆ ಮರಳಿ ಬರುತ್ತದೆ.

ಬರಲೇ ಇಲ್ಲ, ಅಥವಾ ಸತ್ತಿದೆ ಎಂದು ಖಚಿತವಾದರೆ ರಕ್ಷಣಾ ಕೇಂದ್ರಕ್ಕೆ ಫೋನ್ ಮಾಡಿ. ಅವರು ಬರುವ ತನಕ ಪೆಟ್ಟಿಗೆಯ ಒಂದು ಬದಿಗೆ ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ ಇಡಿ. ಸೆಕೆಯಾದರೆ ಮರಿಗಳು ಇನ್ನೊಂದು ಬದಿಗೆ ಸರಿಯುತ್ತವೆ. ಈಜಲು ನೀರು ಕೊಡಬೇಡಿ, ಒದ್ದೆಯಾದರೆ ಚಳಿ ಹಿಡಿಯುತ್ತದೆ. ಹಾಲು, ಬ್ರೆಡ್ಡು ಬೇಡ. ಸಾಕಿಕೊಳ್ಳುವ ಆಸೆಯೂ ಬೇಡ. ಹುಟ್ಟಿದ ಮೊದಲ ಒಂದೆರಡು ದಿನದಲ್ಲಿ ಯಾರನ್ನು ನೋಡಿ ಹಿಂಬಾಲಿಸುತ್ತದೋ ಅವರನ್ನೇ ತಾಯಿ ಎಂದು ಮರಿ ಅಚ್ಚೊತ್ತಿಕೊಳ್ಳುತ್ತದೆ. ಮನುಷ್ಯರನ್ನು ಅಚ್ಚೊತ್ತಿಕೊಂಡ ಬಾತುಕೋಳಿಗೆ ಕಾಡಿನಲ್ಲಿ ಬದುಕುವುದು ಕಷ್ಟ.

ಕಾವಿನ ನಡುವೆಯೇ ತಾಯಿ ಕಾಣೆಯಾಯಿತು ಅನ್ನಿಸಿದರೆ ಮಕ್ಕಳು ಬರೆದಿಟ್ಟ ಪಟ್ಟಿ ನೋಡಿ. ಎರಡು ದಿನ ಪೂರ್ತಿ, ಬೆಳಿಗ್ಗೆ ಸಂಜೆ ಎರಡೂ ಹೊತ್ತು ಕಾಣಿಸದಿದ್ದರೆ ಮಾತ್ರ ಬಿಟ್ಟಿದೆ ಎಂದುಕೊಂಡು ಕೇಂದ್ರದವರನ್ನು ಕೇಳಿ. ಒಂದು ಮಧ್ಯಾಹ್ನ ಕಾಣದಿದ್ದರೆ ಅದಕ್ಕೆ ಅರ್ಥವಿಲ್ಲ.

ಹೋದ ಮೇಲೆ

ಗೂಡಿಗೆ ಅವು ಮರಳುವುದಿಲ್ಲ. ಆದರೂ ಎರಡು ದಿನ ಹಾಗೇ ಬಿಡಿ, ತಡವಾಗಿ ಒಡೆಯುವ ಮೊಟ್ಟೆ ಒಂದು ಇರಬಹುದು. ಒಡೆಯದ ಮೊಟ್ಟೆ ಒಂದೆರಡು ಉಳಿಯುವುದು ಮಾಮೂಲು. ಅವನ್ನು ಏನು ಮಾಡಬೇಕೆಂದು ಇಲಾಖೆಯವರನ್ನೇ ಕೇಳಿ. ಗೂಡು ತೆಗೆಯುವಾಗ ಕೈಗವಸು ಹಾಕಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಬಾತುಕೋಳಿಗಳಿಂದ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ರೋಗಾಣು ಹರಡಬಹುದು. ಸತ್ತ ಹಕ್ಕಿ ಕಂಡರೆ ಬರಿಗೈಯಲ್ಲಿ ಮುಟ್ಟದೆ ಪಶು ಇಲಾಖೆಗೆ ತಿಳಿಸಿ. ಎಚ್5ಎನ್1 ಹಕ್ಕಿಜ್ವರ ಕಾಡು ಬಾತುಕೋಳಿಗಳಿಗೂ ಬರುತ್ತದೆ.

ಮರಿ ಮಾಡಿ ಗೆದ್ದ ಹೆಣ್ಣು ಮುಂದಿನ ವರ್ಷವೂ ಅದೇ ಸುತ್ತಿಗೆ ಬರುವ ಸಾಧ್ಯತೆ ಚೆನ್ನಾಗಿದೆ. ಜಾಗ ಒಳ್ಳೆಯದಿದ್ದರೆ ಆ ಪೊದೆಯನ್ನು ಬೋಳಾಗಿ ಕತ್ತರಿಸಬೇಡಿ, ಹಲಗೆ ಇಟ್ಟಿಗೆ ಜೋಪಾನವಾಗಿಡಿ. ಬಾಲ್ಕನಿಯಂಥ ಜಾಗವಾಗಿದ್ದರೆ ಮೊಟ್ಟೆ ಇಡುವ ಕಾಲಕ್ಕೆ ಮೊದಲೇ ದೊಡ್ಡ ಕುಂಡಗಳನ್ನು ತೆಗೆದು, ಮೂಲೆಗೆ ಜಾಲರಿ ಹಾಕಿ ಮುಚ್ಚಿಬಿಡಿ. ಮೊದಲ ಮೊಟ್ಟೆ ಬಿದ್ದ ಮೇಲೆ ಅದಕ್ಕೆ ಕಾಲ ಮೀರಿರುತ್ತದೆ.